ಒಳಗಿದ್ದೇನೆ ಎನ್ನುವ ಕೈ

ಸಂದರ್ಶನಕ್ಕೆ ಹೋದವರನ್ನು ಮುಳುಗಿಸುವ ಅಂಗ ಯಾವುದು ಎಂದು ಕೇಳಿದರೆ ಭಾವ ಕಣ್ಣು ಮಿಟುಕಿಸದೆ ಕೈ ಎನ್ನುತ್ತಿದ್ದರು. ನಾಲಿಗೆ ತಾನೇ ಅಂದರೆ ಒಪ್ಪುತ್ತಿರಲಿಲ್ಲ. ನಾಲಿಗೆಗೆ ಮೂವತ್ತೆರಡು ಹಲ್ಲಿನ ಕಾವಲಿದೆ, ಕೈಗೆ ಯಾರ ಕಾವಲಿದೆ? ಅದು ಮೂಗು ಕೆರೆಯುತ್ತದೆ, ಗುಂಡಿ ತಿರುವುತ್ತದೆ, ಮೇಜಿನ ಅಂಚಿನ ಮೇಲೆ ತಾಳ ಹಾಕುತ್ತದೆ, ಇವನಿಗೆ ಒಳಗೊಳಗೇ ಪುಕ್ಕಲು ಎಂದು ಎದುರಿಗೆ ಕುಳಿತವರಿಗೆ ಚಾಡಿ ಹೇಳುತ್ತದೆ. ಭಾವನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಎರಡು ಕೋಣೆ ಹಿಡಿದು, ಕೆಲಸ ಹುಡುಕುವವರಿಗೆ ಕೂರುವುದು, ಏಳುವುದು, ನಗುವುದು ಕಲಿಸುವುದೇ ಅವರ ಕಸುಬು. ಒಂದು ವರ್ಷದ ಕೂಸಿಗೂ ಬರುವ ವಿದ್ಯೆಯನ್ನು ಇಪ್ಪತ್ತೈದರವರಿಗೆ ಮತ್ತೆ ಕಲಿಸಿ ಸಂಸಾರ ಸಾಗಿಸುತ್ತಿದ್ದರು. ಹಾಗಂತ ನಗುವಂತೆಯೂ ಇರಲಿಲ್ಲ. ಅವರ ಹತ್ತಿರ ಕಲಿತವರಿಗೆ ಕೆಲಸ ಸಿಗುತ್ತಿತ್ತು.

ಆ ವಾರ ಅವರು ದಿನವೂ ಸಂಜೆ ಕಾಗದದ ಗಿರಣಿಯ ಕ್ವಾರ್ಟರ್ಸಿಗೆ ಬರುತ್ತಿದ್ದರು. ಹೆಂಡತಿಯ ತಂಗಿಗೆ ಪಾಠ. ಆಕೆಯನ್ನು ಕ್ವಾರ್ಟರ್ಸಿನವರೆಲ್ಲ ಪುಟ್ಟಕ್ಕ ಎನ್ನುತ್ತಿದ್ದರು. ಆಳು ಕುಳ್ಳು, ಮಾತು ಅದಕ್ಕಿಂತ ಗಿಡ್ಡ. ಎಂಟು ತಿಂಗಳ ಹಿಂದೆ ಆಕೆಯ ಗಂಡ ಗಿರಣಿಯಲ್ಲಿ ಕಾಗದ ಒಣಗಿಸುವ ಉರುಳೆಗಳ ನಡುವೆ ಸಿಕ್ಕಿ ಸತ್ತಿದ್ದ. ಕೆಲಸ ಮಾಡುತ್ತಾ ಸತ್ತವನ ಮನೆಯವರೊಬ್ಬರಿಗೆ ಗಿರಣಿ ಕೆಲಸ ಕೊಡಲೇಬೇಕು, ಅದು ನಿಯಮ. ಆದರೆ ತಪ್ಪು ಸತ್ತವನದೇ ಆಗಿದ್ದರೆ ಕೊಡಬೇಕಾಗಿಲ್ಲ, ಅದೂ ನಿಯಮ. ವಿಚಾರಣೆಯ ವರದಿಯಲ್ಲಿ ತಪ್ಪು ಸತ್ತವನದು ಎಂದೇ ಬರೆದಿತ್ತು. ಅಲ್ಲಿಗೆ ಹಕ್ಕು ಹೋಯಿತು, ದಯೆ ಉಳಿಯಿತು. ದಯೆ ತೋರಿಸಬೇಕೋ ಬೇಡವೋ ಎಂದು ತೂಗಿ ನೋಡಲು ಈ ಸಂದರ್ಶನ. ಹಾಳೆಗಳನ್ನು ಎಣಿಸಿ ಕಟ್ಟು ಕಟ್ಟುವ ವಿಭಾಗದಲ್ಲಿ ಇದ್ದದ್ದು ಒಂದೇ ಜಾಗ. ಅದು ಸಿಗದಿದ್ದರೆ ತಿಂಗಳ ಕೊನೆಗೆ ಪುಟ್ಟಕ್ಕ, ಎಂಟು ವರ್ಷದ ಮಗಳು, ಕಾಲು ಊದಿಕೊಂಡ ಅತ್ತೆ ಮೂವರೂ ಕ್ವಾರ್ಟರ್ಸು ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗ್ತೀರಿ ಎಂದು ನೆಂಟರು ಯಾರೂ ಕೇಳಲಿಲ್ಲ. ಕೇಳಿದರೆ ನಮ್ಮ ಮನೆಗೆ ಬನ್ನಿ ಅನ್ನಬೇಕಾಗುತ್ತದಲ್ಲ.

"ನೋಡಮ್ಮಾ," ಎಂದರು ಭಾವ ಮೊದಲ ದಿನ, ಮಂಚದ ಮೇಲೆ ಮೂರು ದಿಂಬು ಸಾಲಾಗಿ ನಿಲ್ಲಿಸಿ. "ಇವರು ಮೂರು ಜನ ಸಾಹೇಬ್ರು. ನೀನು ಓಡ್ಬೇಡ, ಕಾಲೂ ಎಳೀಬೇಡ. ಕೂತ್ಕೊಳ್ಳಿ ಅಂದ್ಮೇಲೆ ಕೂತ್ಕೋ. ಬೆನ್ನು ಕುರ್ಚಿಗೆ ತಾಗ್ಲಿ, ಒರಗೋದು ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡೋಕೆ ಹೆದ್ರಿಕೆ ಆದ್ರೆ ಎರಡು ಹುಬ್ಬಿನ ಮಧ್ಯ ನೋಡು. ಕಣ್ಣೇ ನೋಡ್ತಿದಾಳೆ ಅಂದ್ಕೋತಾರೆ, ಗೊತ್ತೇ ಆಗಲ್ಲ. ಬಾಯಿ ಸುಳ್ಳು ಹೇಳ್ಬಹುದು, ಮೈ ಹೇಳಲ್ಲ. ಅದಕ್ಕೆ ಮೈಗೆ ಮೊದಲೇ ಬುದ್ಧಿ ಹೇಳಿಟ್ಕೋಬೇಕು."

"ಕೈ, ಭಾವ?"

"ಎರಡೂ ಮಡಿಲಲ್ಲಿ. ಮಲಗಿರೋ ಬೆಕ್ಕಿನ ಹಾಗೆ."

ಪುಟ್ಟಕ್ಕ ಕುಳಿತಳು. ಎಡಗೈ ಬೆಕ್ಕಿನ ಹಾಗೇ ಮಲಗಿತು. ಬಲಗೈಯೂ ಸ್ವಲ್ಪ ಹೊತ್ತು ಮಲಗಿತ್ತು. ಆಮೇಲೆ ಅದು ನಿಧಾನವಾಗಿ ಎದ್ದಿತು. ಹೆಬ್ಬೆರಳು ಅಂಗೈಗೆ ಮಡಚಿಕೊಂಡಿತು, ಉಳಿದ ನಾಲ್ಕು ಬೆರಳು ಅದರ ಮೇಲೆ ಮುಚ್ಚಿಕೊಂಡವು, ಮುಷ್ಟಿ ತಲೆಯ ಮಟ್ಟಕ್ಕೆ ಏರಿ, ಮಣಿಕಟ್ಟು ತುಸು ಎಡಕ್ಕೆ ವಾಲಿ, ಅಲ್ಲೇ ನಿಂತಿತು. ಆಕೆ ಅದನ್ನು ಎತ್ತಿರಲಿಲ್ಲ.

ಒಲೆಯ ಪಕ್ಕ ಪಾಟಿ ಹಿಡಿದು ಕುಳಿತಿದ್ದ ಮಗಳು ತಲೆಯೆತ್ತಿ ನೋಡಿ, ಬಳಪ ಕೆಳಗಿಟ್ಟು, ತನ್ನ ಪುಟ್ಟ ಬಲಗೈಯನ್ನೂ ಹಾಗೇ ಮುಷ್ಟಿ ಮಾಡಿ ಎತ್ತಿದಳು. ಭಾವ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದರು. ಅವರ ಪುಸ್ತಕದಲ್ಲಿ ಇದಕ್ಕೆ ಪಾಠ ಇರಲಿಲ್ಲ.

ಇದನ್ನು ಬಿಡಿಸಿ ಹೇಳಬೇಕೆಂದರೆ ಗಿರಣಿಯ ಒಳಗಿನ ಮಾತು ಹೇಳಬೇಕು. ಅಲ್ಲಿ ಬಾಯಿಗೆ ಕೆಲಸವಿಲ್ಲ. ಒಂದು ಯಂತ್ರ ನಿಂತರೂ ಪಕ್ಕದ ನಾಲ್ಕು ಓಡುತ್ತಲೇ ಇರುತ್ತವೆ. ಕಿವಿಯ ಬಳಿ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರ ಮಾತೆಲ್ಲ ಕೈಯಲ್ಲಿ. ಚಹಾಕ್ಕೊಂದು ಸನ್ನೆ, ಎಣ್ಣೆಗೊಂದು ಸನ್ನೆ, ಮ್ಯಾನೇಜರ್ ಬರುತ್ತಿದ್ದಾರೆ ಎಂಬುದಕ್ಕೆ ಒಂದು ಪೋಲಿ ಸನ್ನೆ. ಅವುಗಳಲ್ಲಿ ಜೀವದ ಸನ್ನೆ ಎರಡೇ. ಉರುಳೆಗಳಿಗೆ ಕಾಗದ ಹರಿದು ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ ಒಬ್ಬ ಒಳಗೆ ತೂರಿ ಅದನ್ನು ಕಿತ್ತು ತೆಗೆಯಬೇಕು. ತೂರುವ ಮೊದಲು ಅವನು ಸ್ವಿಚ್ಚಿನ ಹತ್ತಿರ ಇರುವವನ ಕಡೆ ತಿರುಗಿ, ಹೆಬ್ಬೆರಳು ಒಳಗೆ ಮಡಚಿದ ಬಲಮುಷ್ಟಿಯನ್ನು ತಲೆಯ ಮಟ್ಟಕ್ಕೆ ಎತ್ತುತ್ತಾನೆ. ಒಳಗಿದ್ದೇನೆ ಎಂದರ್ಥ. ನೋಡಿದವನು ತಾನೂ ಅದೇ ಮುಷ್ಟಿ ಎತ್ತಬೇಕು, ಎತ್ತಿದ್ದನ್ನು ಹಾಗೇ ಹಿಡಿದಿರಬೇಕು. ಮೇಲಿರುವ ಕೈ ಸ್ವಿಚ್ ಒತ್ತಲಾರದು, ಅಷ್ಟೇ ಉಪಾಯ. ಒಳಗೆ ಹೋದವನು ಹೊರಗೆ ಬಂದು, ಅಂಗೈ ಬಿಡಿಸಿ ಎದೆಯ ಮೇಲಿಂದ ಕೆಳಕ್ಕೊಮ್ಮೆ ಸವರಿದರೆ ಹೊರಗೆ ಬಂದೆ ಎಂದರ್ಥ. ಆಗಲೇ ಕೈ ಇಳಿಯಬೇಕು, ಅದಕ್ಕೆ ಮೊದಲು ಆಕಾಶ ಕಳಚಿ ಬಿದ್ದರೂ ಇಲ್ಲ. ವಾಪಸ್ ಸನ್ನೆ ಬರುವ ಮುಂಚೆ ಒಳಗೆ ಕಾಲಿಟ್ಟವನನ್ನು ಹಳೆ ಮೇಸ್ತ್ರಿ ಅವತ್ತೇ ಮನೆಗೆ ಅಟ್ಟುತ್ತಿದ್ದರು. ಹತ್ತು ವರ್ಷ ಆ ಕೆಲಸ ಮಾಡಿದವನ ಕೈ ತಲೆಯನ್ನು ಕೇಳಿಕೊಂಡು ಏಳುವುದಿಲ್ಲ. ಮುಷ್ಟಿ ಕಂಡರೆ ಸಾಕು, ಧೂಳು ಬಂದಾಗ ರೆಪ್ಪೆ ಮುಚ್ಚುವ ಹಾಗೆ ತಾನೇ ಏಳುತ್ತದೆ.

ಸ್ವಿಚ್ಚು ಇದ್ದದ್ದು ಸದ್ದು ತಡೆಯುವ ಗಾಜಿನ ಗೂಡಿನಲ್ಲಿ, ಫೋನೂ ಅಲ್ಲೇ. ಆ ದಿನ ಅಲ್ಲಿದ್ದವರು ಆಗಿನ ಶಿಫ್ಟ್ ಇನ್‌ಚಾರ್ಜ್, ಈಗಿನ ಮ್ಯಾನೇಜರ್. ಮಿಕ್ಕವರೆಲ್ಲ ಚಹಾಕ್ಕೆ ಹೋಗಿದ್ದರು. ನಾನು ಯಾವ ಸನ್ನೆಯನ್ನೂ ನೋಡಲಿಲ್ಲ, ವಾಪಸ್ ಕೊಡಲೂ ಇಲ್ಲ, ಫೋನಿನಲ್ಲಿದ್ದೆ, ಯಂತ್ರದ ಸುತ್ತ ಯಾರೂ ಕಾಣಲಿಲ್ಲ, ಒತ್ತಿದೆ ಎಂದು ಅವರು ವಿಚಾರಣೆಯಲ್ಲಿ ಹೇಳಿದರು. ಅಳುತ್ತಲೇ ಹೇಳಿದರಂತೆ. ಆ ಅಳು ನಾಟಕವಲ್ಲ ಎಂದು ಅವರನ್ನು ಕಂಡರಾಗದವರೂ ಒಪ್ಪಿಕೊಂಡರು. ನೋಡಿದವರು ಬೇರೆ ಯಾರೂ ಇಲ್ಲ. ವಾಪಸ್ ಸನ್ನೆಗೆ ಕಾಯದೆ ಒಳಗೆ ಹೋದ ಎಂದು ಸತ್ತವನ ಮೇಲೆ ಗೂಬೆ ಕೂರಿಸಿ ಕಡತ ಮುಚ್ಚಿದರು.

ಪುಟ್ಟಕ್ಕನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಆ ಮನುಷ್ಯ ಕಾಯದೆ ಹೋದನೇ? ಇಪ್ಪತ್ತು ವರ್ಷದ ಯಂತ್ರದ ಸದ್ದಿಗೆ ಅವನ ಕಿವಿ ಮಂದವಾಗಿತ್ತು, ಮನೆಯಲ್ಲೂ ಕೈಮಾತೇ ನಡೆಯುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಬಚ್ಚಲ ಬಾಗಿಲಲ್ಲಿ ನಿಂತು ಮುಷ್ಟಿ ಎತ್ತುತ್ತಿದ್ದ. ಒಮ್ಮೆ ಮುರಿದು ಕೂಡಿದ್ದ ಮಣಿಕಟ್ಟು. ಅವನ ಮುಷ್ಟಿ ಯಾವಾಗಲೂ ತುಸು ಎಡಕ್ಕೆ ವಾಲುತ್ತಿತ್ತು. ಪುಟ್ಟಕ್ಕ ಸೌಟು ಹಿಡಿದ ಕೈಯನ್ನೋ, ಪೊರಕೆ ಹಿಡಿದ ಕೈಯನ್ನೋ ಎತ್ತಬೇಕು. ಎತ್ತುವವರೆಗೆ ಬಾಗಿಲು ಹಾಕುತ್ತಿರಲಿಲ್ಲ. "ಸ್ನಾನಕ್ಕೂ ನನ್ನ ಅಪ್ಪಣೆ ಬೇಕೇನ್ರಿ?" ಎಂದು ಆಕೆ ರೇಗಿದರೆ, ನೀರು ಆರಿದರೂ ಚಿಂತೆಯಿಲ್ಲ ಎನ್ನುವಂತೆ ಮುಷ್ಟಿ ಎತ್ತಿಕೊಂಡು ನಿಂತೇ ಇರುತ್ತಿದ್ದ. ಬಿಸಿನೀರಿಗೆ ಕಾದವನು ಉರುಳೆಗೆ ಕಾಯಲಿಲ್ಲವೇ?

ಸತ್ತ ಮೂರನೇ ವಾರದಿಂದ ಆಕೆಯ ಕೈ ಏಳತೊಡಗಿತು. ಸಂಜೆ ಹೊತ್ತಿಗೆ, ಸುಮ್ಮನೆ ಕುಳಿತಾಗ. ಅದೇ ಮುಷ್ಟಿ, ಎಡಕ್ಕೆ ವಾಲಿದ ಅದೇ ಮಣಿಕಟ್ಟು. ಆಕೆಯ ಮಣಿಕಟ್ಟು ಎಂದೂ ಮುರಿದಿರಲಿಲ್ಲ. ಮೊದಲ ದಿನ ಆಕೆ ಕೂಗಿಕೊಂಡಿದ್ದಳು. ಅತ್ತೆ ಮಾತ್ರ ಗೋಡೆಗೆ ಒರಗಿಕೊಂಡೇ ಆ ಕೈಯನ್ನು ಬಹಳ ಹೊತ್ತು ನೋಡಿ, "ಅವನೇ ಕಣೇ. ಇನ್ನೂ ಒಳಗೇ ಇದಾನೆ," ಎಂದಿದ್ದಳು. ಮಗಳಿಗೆ ಹೆದರಿಕೆಯೇ ಇಲ್ಲ. ಅಪ್ಪ ಕಲಿಸಿದ ಪಾಠ ಅವಳಿಗೆ ಬಾಯಿಪಾಠ: ಮುಷ್ಟಿ ಕಂಡರೆ ಮುಷ್ಟಿ ಎತ್ತಬೇಕು, ಹೊರಗೆ ಬಂದೆ ಎನ್ನುವವರೆಗೆ ಇಳಿಸಬಾರದು.

ಇವತ್ತೂ ಹಾಗೆಯೇ ಎತ್ತಿ ಹಿಡಿದಿದ್ದಳು. ಭಾವನ ಕೈಯಲ್ಲಿದ್ದ ಚಹಾ ಆರಿತು.

"ಅಮ್ಮಾ," ಎಂದಳು ಮಗಳು ಕೊನೆಗೆ, "ಕೈ ನೋಯ್ತಿದೆ. ಬೇಗ ಹೊರಗೆ ಬಾ ಅಂತ ಹೇಳಮ್ಮಾ ಅಪ್ಪಂಗೆ."

ಪುಟ್ಟಕ್ಕ ಎಡಗೈಯಿಂದ ಬಲಗೈಯನ್ನು ಹಿಡಿದು, ಹಟ ಮಾಡುವ ಕರುವನ್ನು ಎಳೆಯುವ ಹಾಗೆ ಕೆಳಗೆ ಎಳೆದಳು. ಎದೆ ಸವರುವ ಸನ್ನೆಯನ್ನು ಮಾತ್ರ ಮಾಡಲಿಲ್ಲ. ಎಷ್ಟೋ ಸಲ ಮಾಡಿ ಮುಗಿಸಿಬಿಡೋಣ ಅನ್ನಿಸಿತ್ತು. ಆದರೆ ಹೊರಗೆ ಬಾರದವನ ಪರವಾಗಿ ಹೊರಗೆ ಬಂದೆ ಎನ್ನುವುದು ಸುಳ್ಳು. ಆ ಸುಳ್ಳಿಗೆ ಒಬ್ಬನ ಜೀವ ಹೋಗುತ್ತದೆ ಎಂದು ಗಿರಣಿಯ ಹೆಂಗಸರಿಗೂ ಗೊತ್ತು.

ಭಾವ ಆರಿದ ಚಹಾ ಕೆಳಗಿಟ್ಟರು. ಹೆದರಿದ್ದರು, ಆದರೆ ಕಸುಬುದಾರ ಮನುಷ್ಯ.

"ಅಲ್ಲಿ ಇದು ಎದ್ದಿತೋ, ಮುಗೀತು. ತಲೆ ಸರಿ ಇಲ್ಲ ಅಂತ ಬರ್ಕೊಂಡು ಕಳಿಸ್ತಾರೆ. ಎಡಗೈನ ಬಲಗೈ ಮೇಲೆ ಇಟ್ಟು ಒತ್ತಿ ಹಿಡ್ಕೋ, ಮರ್ಯಾದಸ್ಥರು ಕೂರೋ ಭಂಗಿ ಅಂದ್ಕೋತಾರೆ. ಇನ್ನೊಂದು ವಿಷ್ಯ. ನಿನ್ನ ಯಜಮಾನ್ರು ಏನು ತಪ್ಪು ಮಾಡಿದ್ರು ಅಂತ ಕೇಳೇ ಕೇಳ್ತಾರೆ. ವಾಪಸ್ ಸನ್ನೆಗೆ ಕಾಯ್ಲಿಲ್ಲ, ದುಡುಕಿದ್ರು, ನಾನು ದುಡುಕಲ್ಲ ಅಂದ್ಬಿಡು."

"ಭಾವ, ಅವರು ಕಾಯದೆ ಹೋಗೋರಲ್ಲ."

"ನಂಗೂ ಗೊತ್ತು ಕಣಮ್ಮಾ." ಅವರ ದನಿ ತಗ್ಗಿತು. "ಸತ್ತೋರಿಗೆ ಮನೆ ಬೇಡ. ನಿಮಗೆ ಮೂರು ಜನಕ್ಕೆ ಬೇಕು."

ಪುಟ್ಟಕ್ಕ ಆ ವಾಕ್ಯವನ್ನು ವಾರವಿಡೀ ಉರು ಹೊಡೆದಳು. ನೀರು ಹಿಡಿಯುವಾಗ, ಬಟ್ಟೆ ಹಿಂಡುವಾಗ. ಅವರು ಕಾಯಲಿಲ್ಲ, ದುಡುಕಿದರು. ಹೇಳಿದಷ್ಟೂ ಬಾಯಿ ಕಹಿಯಾಗುತ್ತಿತ್ತು. ಅತ್ತೆ ಕೇಳಿಸಿಕೊಂಡರೂ ಕೇಳದವಳಂತೆ ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು.

ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ. ಗಿರಣಿಯ ಆಫೀಸು ಕೋಣೆಯಲ್ಲಿ ಉದ್ದ ಮೇಜು, ಮೇಲೆ ಗಾಜು, ಗಾಜಿನ ಕೆಳಗೆ ಯಾವುದೋ ಕಾಲದ ರಜೆಯ ಪಟ್ಟಿ. ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೂ ಹೋದ ತಿಂಗಳು ನಡೆಯುತ್ತಿತ್ತು. ಕಿಟಕಿ ಮುಚ್ಚಿದ್ದರೂ ಯಂತ್ರಗಳ ನಡುಕ ನೆಲದಿಂದ ಕುರ್ಚಿಯ ಕಾಲಿಗೆ, ಅಲ್ಲಿಂದ ಕೂತವರ ಬೆನ್ನಿಗೆ ಹತ್ತುತ್ತಿತ್ತು. ಬಾಗಿಲಿಂದ ಕುರ್ಚಿಗೆ ಒಂಬತ್ತು ಹೆಜ್ಜೆ. ಓಡಲಿಲ್ಲ, ಕಾಲೆಳೆಯಲಿಲ್ಲ. ಕೂತ್ಕೊಳ್ಳಿ ಅಂದ ಮೇಲೆ ಕುಳಿತಳು. ಬಲಗೈ ಮಡಿಲಲ್ಲಿ, ಅದರ ಮೇಲೆ ಎಡಗೈ.

ಎದುರಿಗೆ ಮೂವರು. ನಡುವೆ ಮ್ಯಾನೇಜರ್. ಫಿಟ್ಟರ್ ಆಗಿ ಸೇರಿ, ಯಂತ್ರದ ಮುಂದೆ ಇಪ್ಪತ್ತೆರಡು ವರ್ಷ ನಿಂತು ಮೇಲೆ ಬಂದವರು. ಅಂಗಿಯ ತೋಳು ಈಗ ಬೆಳ್ಳಗಾದರೂ ಉಗುರಿನ ಕಪ್ಪು ಹೋಗಿರಲಿಲ್ಲ. ಅವರ ಎಡಕ್ಕೆ ಆಫೀಸಿನ ಮೇಡಂ, ಮುಂದೆ ಒಂದು ಫಾರ್ಮು, ಕೈಯಲ್ಲಿ ಪೆನ್ನು. ಬಲಕ್ಕೆ ಕಾರ್ಮಿಕರ ಪರವಾಗಿ ಹಳೆ ಮೇಸ್ತ್ರಿ, ಕುರ್ಚಿಯ ತುದಿಯಲ್ಲಿ, ಯಾರೋ ಏಳು ಅಂದರೆ ಏಳಲು ತಯಾರಾದವರಂತೆ. ಭಾವ ನೋಡಿದ್ದರೆ ಮೇಸ್ತ್ರಿಯನ್ನು ನಪಾಸು ಮಾಡುತ್ತಿದ್ದರು.

"ಕಣ್ಣು ಚೆನ್ನಾಗಿ ಕಾಣುತ್ತಾ?" ಎಂದರು ಮೇಡಂ.

"ಕಾಣುತ್ತೆ."

"ಹಾಳೆ ಎಣಿಸಿ ಅಭ್ಯಾಸ ಇದೆಯಾ?"

"ಯಜಮಾನ್ರು ಹರಿದ ಹಾಳೆ ಮನೆಗೆ ತರ್ತಿದ್ರು. ಮಗಳಿಗೆ ಪುಸ್ತಕ ಹೊಲಿಯೋಕೆ ಎಣಿಸ್ತಿದ್ದೆ."

ಮೇಡಂ ನಕ್ಕು ಗೀಟು ಹಾಕಿದರು. ಮ್ಯಾನೇಜರ್ ನಗಲಿಲ್ಲ. ಅವರು ಪುಟ್ಟಕ್ಕನನ್ನೇ ನೋಡುತ್ತಿದ್ದರು. ಆಕೆ ಭಾವ ಹೇಳಿದ ಹಾಗೆ ಅವರ ಎರಡು ಹುಬ್ಬಿನ ಮಧ್ಯೆ ನೋಡಿದಳು. ಒಂದು ಗಳಿಗೆಯಾದ ಮೇಲೆ ಆಕೆಗೆ ಹೊಳೆಯಿತು, ಅವರೂ ತನ್ನ ಹುಬ್ಬಿನ ಮಧ್ಯವೇ ನೋಡುತ್ತಿದ್ದಾರೆ. ಎಂಟು ತಿಂಗಳಿಂದ ಅವರು ನಿದ್ದೆ ಮಾಡಿರಲಿಕ್ಕಿಲ್ಲ ಎನ್ನಿಸಿತು. ಕನಿಕರ ಹುಟ್ಟಲಿಲ್ಲ, ಸಿಟ್ಟೂ ಹುಟ್ಟಲಿಲ್ಲ. ಎಡಗೈಯ ಕೆಳಗೆ ಬಲಗೈ ಮಿಸುಕಾಡಿತು. ಬೆಳಿಗ್ಗೆ ಹೊತ್ತು ಅದು ಎಂದೂ ಮಿಸುಕಾಡಿದ್ದಿಲ್ಲ.

"ಕೊನೇ ಪ್ರಶ್ನೆ," ಎಂದು ಮೇಡಂ ಫಾರ್ಮಿನಿಂದ ಕಣ್ಣೆತ್ತದೆ ಓದಿದರು. "ಬೇಜಾರು ಮಾಡ್ಕೋಬೇಡಿ, ಇದರಲ್ಲಿ ಇದೆ, ಕೇಳ್ಲೇಬೇಕು. ನಿಮ್ಮ ಯಜಮಾನರ ಕಡೆಯಿಂದ ಆದ ತಪ್ಪು ಏನು? ಅದರಿಂದ ನೀವೇನು ಕಲಿತ್ರಿ?"

ವಾಕ್ಯ ತಯಾರಾಗಿತ್ತು. ನಾಲಿಗೆಯ ತುದಿಗೆ ಬಂದು ಕುಳಿತೂ ಇತ್ತು. ಪುಟ್ಟಕ್ಕನ ಕಣ್ಣಿಗೆ ಅತ್ತೆಯ ಊದಿದ ಕಾಲು ಕಂಡಿತು, ಪಾಟಿ ಹಿಡಿದ ಮಗಳು ಕಂಡಳು.

"ಅವರು..." ಎಂದಳು.

ಆಗ ಫೋನು ಹೊಡೆದುಕೊಂಡಿತು. ಮ್ಯಾನೇಜರ್ ಎಡಗೈಯಲ್ಲಿ ಎತ್ತಿಕೊಂಡರು. "ಹೂಂ, ಹೇಳಿ. ಬಂತಾ? ಎಷ್ಟು ಲಾರಿ?" ಕಣ್ಣು ಪುಟ್ಟಕ್ಕನ ಕಡೆಯೇ ಇತ್ತು, ಗಮನ ಫೋನಿನಲ್ಲಿತ್ತು.

ಎಡಗೈಯ ಕೆಳಗೆ ಬಲಗೈ ಏಳತೊಡಗಿತು. ಹಿಡಿಯಬಹುದಿತ್ತು. ಎಂಟು ತಿಂಗಳು ಹಿಡಿದು ಎಳೆದು ಅಭ್ಯಾಸವಿತ್ತು. ಆದರೆ ಸತ್ತ ಗಂಡನ ಮೇಲೆ ಸುಳ್ಳು ಹೇಳಲು ಬಾಯಿ ತೆರೆದವಳಿಗೆ ಅವನ ಕೈಯನ್ನೂ ಅದುಮಿ ಹಿಡಿಯುವಷ್ಟು ಕಲ್ಲುಮನಸ್ಸು ಇರಲಿಲ್ಲ. ಮನೆ ಹೋದರೆ ಹೋಗಲಿ ಎಂದುಕೊಂಡು ಎಡಗೈ ಸಡಿಲಿಸಿದಳು. ಮುಷ್ಟಿ ಎದ್ದಿತು. ಹೆಬ್ಬೆರಳು ಒಳಗೆ, ಮಣಿಕಟ್ಟು ಎಡಕ್ಕೆ ವಾಲಿ, ತಲೆಯ ಮಟ್ಟದಲ್ಲಿ ನಿಂತಿತು.

ಮೇಡಂ ಪೆನ್ನು ನಿಂತಿತು. ಮೇಸ್ತ್ರಿಯ ಬಲಗೈ ತಾನಾಗಿ ಎದ್ದಿತು. ನಲವತ್ತು ವರ್ಷದ ಕೈ, ಏಳದೆ ಇನ್ನೇನು ಮಾಡೀತು. ಮೇಸ್ತ್ರಿ ತಮ್ಮ ಕೈಯನ್ನು ನೋಡಿ, ಪುಟ್ಟಕ್ಕನ ವಾಲಿದ ಮಣಿಕಟ್ಟನ್ನು ನೋಡಿ, ಯಾರ ಮುಷ್ಟಿ ಎಂದು ಗುರುತು ಹಿಡಿದು, ಏನೋ ಹೇಳಲೆಂದು ಮ್ಯಾನೇಜರ್ ಕಡೆ ತಿರುಗಿದರು. ತಿರುಗಿದವರು ಹಾಗೇ ಉಳಿದರು.

ಮ್ಯಾನೇಜರರ ಬಲಗೈ ಮೇಲಿತ್ತು. ಹೆಬ್ಬೆರಳು ಮಡಚಿ, ಮುಷ್ಟಿ ಬಿಗಿದು, ತಲೆಯ ಮಟ್ಟಕ್ಕೆ. ಅವರು ಮಾತಾಡುತ್ತಲೇ ಇದ್ದರು. "ಇಲ್ಲ ಇಲ್ಲ, ಸಂಜೆಗೇ ಬೇಕು. ಲಾರಿ ನಂಬರ್ ಹೇಳಿ. ತಡೀರಿ, ಬರ್ಕೋತೀನಿ."

ಮುಷ್ಟಿ ಬಿಚ್ಚಿಕೊಂಡು ಪೆನ್ನಿನ ಕಡೆ ಇಳಿಯತೊಡಗಿತು.

"ಇಳಿಸ್ಬೇಡಿ!"

ಮೇಸ್ತ್ರಿಯ ಕೂಗು, ಯಂತ್ರಗಳ ಸದ್ದನ್ನು ಸೀಳಿಯಾದರೂ ಜೀವ ಉಳಿಸಲು ಕೂಗುವಂಥದ್ದು. ಆ ಗಾಜಿನ ಮೇಜಿನ ಕೋಣೆಯಲ್ಲಿ ಅಂಥ ದನಿ ಯಾರೂ ತೆಗೆದಿರಲಿಲ್ಲ. ಮ್ಯಾನೇಜರ್ ಬೆಚ್ಚಿ ನಿಂತರು. ಕೈಯೂ ನಿಂತಿತು, ಅರ್ಧ ಇಳಿದು, ಗಾಳಿಯಲ್ಲಿ.

"ಏನು ಮೇಸ್ತ್ರಿ?"

"ಕೈ, ಸರ್. ಒಳಗೆ ಆಳು ಇದಾನೆ. ಕೈ ಇಳಿಸ್ಬೇಡಿ."

"ಯಾವ ಕೈ? ನಾನೆಲ್ಲಿ ಕೈ..." ಅಷ್ಟರಲ್ಲಿ ಅವರಿಗೆ ಅದು ಕಂಡಿತು. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಚೀಲವನ್ನು ನೋಡುವ ಹಾಗೆ ತಮ್ಮ ಕೈಯನ್ನು ನೋಡಿದರು. ಅದು ಮತ್ತೆ ಮುಷ್ಟಿಯಾಗಿ ಮೇಲಕ್ಕೆ ಹೋಯಿತು.

"ನಾನು ಎತ್ತಿಲ್ಲ," ಎಂದರು, ಎತ್ತಿಕೊಂಡೇ. "ಮೇಸ್ತ್ರಿ, ನಾನು ಎತ್ತೇ ಇಲ್ಲ."

"ಎತ್ತಿದೀರಿ ಸರ್. ನಾನು ನೋಡ್ದೆ, ಮೇಡಂ ನೋಡಿದ್ರು." ಎಂದರು ಮೇಸ್ತ್ರಿ. "ಆವತ್ತೂ ಫೋನ್ ಬಂದಿತ್ತು ಅಂದ್ರಿ."

ಫೋನಿನ ಒಳಗಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಮ್ಯಾನೇಜರ್ ಅದನ್ನು ಕಿವಿಯಿಂದ ಇಳಿಸಿದರು. ಅವರು ಎಂಟು ತಿಂಗಳ ಹಿಂದಿನ ಒಂದು ಮಧ್ಯಾಹ್ನದ ಕಡೆ ನೋಡುತ್ತಿದ್ದಾರೆ ಎಂಬುದು ಮೂವರಿಗೂ ತಿಳಿಯಿತು.

"ಲಾರಿ ನಂಬರ್ ಹೇಳ್ತಿದ್ರು," ಎಂದರು ಮೆಲ್ಲಗೆ. "ಬರ್ಕೊಂಡೆ. ಬಲಗೈಯಲ್ಲೇ ಬರ್ಕೊಂಡೆ. ಫೋನ್ ಇಟ್ಟೆ. ಯಂತ್ರ ನಿಂತಿತ್ತು, ಯಾರೂ ಇರ್ಲಿಲ್ಲ..."

ಅವರು ಸುಳ್ಳು ಹೇಳಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಸನ್ನೆ ಕಂಡದ್ದು ಕೈಗೆ, ವಾಪಸ್ ಕೊಟ್ಟದ್ದು ಕೈ. ತಲೆಗೆ ಸುದ್ದಿಯೇ ಮುಟ್ಟಿರಲಿಲ್ಲ. ಉರುಳೆಯ ಮುಂದೆ ನಿಂತವನು ಆ ಕೈಯನ್ನು ನೋಡಿದ್ದ, ನಂಬಿದ್ದ, ಒಳಗೆ ಹೋಗಿದ್ದ. ಪುಟ್ಟಕ್ಕನಿಗೆ ಬಚ್ಚಲ ಬಾಗಿಲಲ್ಲಿ ತನಗಾಗಿ ಕಾದು ನಿಲ್ಲುತ್ತಿದ್ದವನ ಮುಖ ನೆನಪಾಯಿತು. ಕಾದಿದ್ದನಲ್ಲ, ಅವತ್ತೂ ಕಾದಿದ್ದನಲ್ಲ.

ಮೇಸ್ತ್ರಿ ಎಡಗೈಯಲ್ಲಿ ಫೋನು ತೆಗೆದುಕೊಂಡು ಕೆಳಗಿಟ್ಟರು. "ಪುಟ್ಟಕ್ಕ," ಎಂದರು, "ಆಯ್ತಲ್ಲ ತಾಯಿ. ಸವರಿಬಿಡು. ಅವರ ಕೈ ಇಳೀಲಿ."

"ಇಲ್ಲ ಮೇಸ್ತ್ರಿ," ಎಂದಳು ಪುಟ್ಟಕ್ಕ. "ಅವರಿನ್ನೂ ಹೊರಗೆ ಬಂದಿಲ್ಲ."

ಮೂರು ಮುಷ್ಟಿಗಳು ಹಾಗೇ ನಿಂತವು. ಮ್ಯಾನೇಜರ್ ಇಳಿಸಬಹುದಿತ್ತು, ಯಾರೂ ಕಟ್ಟಿಹಾಕಿರಲಿಲ್ಲ. ಗದರಬಹುದಿತ್ತು, ಗಂಟೆ ಒತ್ತಿ ಆಕೆಯನ್ನು ಹೊರಗೆ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ, ಅದನ್ನು ಅವರ ಲೆಕ್ಕಕ್ಕೆ ಸೇರಿಸಲೇಬೇಕು.

"ಮೇಡಂ," ಎಂದರು. "ವರದಿಗೆ ಸೇರಿಸೋಕೆ ಒಂದು ಹಾಳೆ ತಗೊಳ್ಳಿ. ಬರ್ಕೊಳ್ಳಿ. ಆತ ಸನ್ನೆ ಕೊಟ್ಟಿದ್ದ. ನಾನು ವಾಪಸ್ ಕೊಟ್ಟಿದ್ದೆ. ಆಮೇಲೆ ಆತ ಹೊರಗೆ ಬರೋ ಮುಂಚೆ ಕೈ ಇಳಿಸಿ ಯಂತ್ರ ಚಾಲೂ ಮಾಡಿದವನು ನಾನು. ತಪ್ಪು ಆತನದಲ್ಲ."

ಮೇಡಂ ಬರೆದರು. ನಡುವೆ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡರು. ಮ್ಯಾನೇಜರ್ ಎಡಗೈಯಲ್ಲಿ ಸಹಿ ಹಾಕಿದರು. ಮೊದಲ ಸಲ ಅಕ್ಷರ ಕಲಿತ ಮಗುವಿನ ಬರಹದಂತೆ ಅದು ಗೀಟಿನಿಂದ ಹೊರಗೆ ಹೋಯಿತು. ಮೇಸ್ತ್ರಿಯೂ ಎಡಗೈಯಲ್ಲೇ ಸಾಕ್ಷಿ ಹಾಕಿದರು. ಮೇಡಂ ಸಂದರ್ಶನದ ಫಾರ್ಮನ್ನು ಎರಡಾಗಿ ಮಡಚಿ ಪಕ್ಕಕ್ಕೆ ಸರಿಸಿ, "ಇದು ಇನ್ನು ಬೇಕಾಗಿಲ್ಲ. ಕೆಲಸ ನಿಮ್ಮ ಹಕ್ಕು. ಸೋಮವಾರ ಬನ್ನಿ, ಮನೆ ಬಿಡೋ ಮಾತಿಲ್ಲ," ಎಂದರು.

ಪುಟ್ಟಕ್ಕನ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಹೆಬ್ಬೆರಳು ರಕ್ತವಿಲ್ಲದೆ ಬಿಳುಚಿತ್ತು. ಅಂಗೈ ಎದೆಯ ಮೇಲೆ ಬಂದು, ನಿಧಾನವಾಗಿ, ಹೊಟ್ಟೆಯವರೆಗೆ ಒಮ್ಮೆ ಸವರಿ ಮಡಿಲಿಗೆ ಬಿದ್ದಿತು. ಎದುರಿಗೆ ಎರಡು ಕೈಗಳು ಇಳಿದವು. ಮ್ಯಾನೇಜರರ ಕೈ ಗಾಜಿನ ಮೇಲೆ ದಪ್ಪೆಂದು ಬಿದ್ದದ್ದು ಹಾಗೇ ಬಿದ್ದಿತ್ತು. ಅವರು ಮೊದಲ ಬಾರಿಗೆ ಆಕೆಯ ಕಣ್ಣು ನೋಡಿದರು. ಕ್ಷಮಿಸಿದಳೇ ಎಂದರೆ, ಇಲ್ಲ. ಅವರು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಒಂಬತ್ತು ಹೆಜ್ಜೆ ನಡೆದು ಬಾಗಿಲು ದಾಟಿದಳು.

ಮನೆಯಲ್ಲಿ ಭಾವ ಬಾಗಿಲಲ್ಲೇ ನಿಂತಿದ್ದರು.

"ಕೈ ಏನಾದ್ರೂ ಎದ್ದಿತಾ?"

"ಎದ್ದಿತು ಭಾವ."

"ಅಯ್ಯೋ, ಕೆಡ್ತಲ್ಲಮ್ಮಾ!"

"ಕೆಲಸ ಸಿಕ್ತು."

ಭಾವ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಹದಿನಾಲ್ಕು ವರ್ಷದ ಪಾಠವನ್ನು ಮತ್ತೆ ಮೊದಲಿಂದ ಯೋಚಿಸಬೇಕಾಗಿ ಬಂದವರ ಮುಖ. ಪುಟ್ಟಕ್ಕ ನಡೆದದ್ದನ್ನೆಲ್ಲ ನಿಂತುಕೊಂಡೇ ಹೇಳಿದಳು. ಅಷ್ಟು ಮಾತನ್ನು ಆಕೆ ಒಟ್ಟಿಗೆ ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಅತ್ತೆ ಗೋಡೆ ಹಿಡಿದು ಎದ್ದು ಕುಳಿತಳು.

"ಹಾಗಾದ್ರೆ ಕಾದಿದ್ದ ಅನ್ನು."

"ಕಾದಿದ್ರು ಅತ್ತೆ. ವಾಪಸ್ ಬಂದ್ಮೇಲೇ ಹೋಗಿದ್ದು."

ಮುದುಕಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಎಂಟು ತಿಂಗಳು ಬಿಗಿಹಿಡಿದ ಅಳು ಅದು, ಯಾರೂ ಸುಮ್ಮನಿರು ಎನ್ನಲಿಲ್ಲ.

ಸಂಜೆಯಾಯಿತು. ಭಾವ ಹೋದರು. ಕೈ ಏಳುವ ಹೊತ್ತಿಗೆ ಪುಟ್ಟಕ್ಕ ಎಂದಿನ ಕುರ್ಚಿಯಲ್ಲಿ ಕುಳಿತಳು. ಮಗಳು ಪಾಟಿ ಬದಿಗಿಟ್ಟು ಎದುರಿಗೆ ಬಂದು ಕುಳಿತು ಕಾದಳು. ಬಲಗೈ ಮಡಿಲಲ್ಲಿ ಬೆಕ್ಕಿನ ಹಾಗೆ ಮಲಗಿತ್ತು. ಬೀದಿಯ ದೀಪ ಹತ್ತಿತು. ಕೈ ಮಲಗಿಯೇ ಇತ್ತು.

"ಅಪ್ಪ ಇವತ್ತು ಸನ್ನೆ ಮಾಡಲ್ವಾ?"

"ಇಲ್ಲ ಪುಟ್ಟಾ. ಅಪ್ಪ ಹೊರಗೆ ಬಂದ್ರು."

"ಹೊರಗೆ ಬಂದ್ರೆ ಮನೆಗೆ ಬರ್ಬೇಕಲ್ಲ?"

ಪುಟ್ಟಕ್ಕ ಮಡಿಲಿನ ಕೈಯನ್ನು ನೋಡಿದಳು. ಎಂಟು ತಿಂಗಳು ಆಕೆ ಆ ಕೈಗೆ ಹೆದರಿದ್ದಳು, ಅದನ್ನು ಎಳೆದು ಅದುಮಿದ್ದಳು, ಎದುರಿನವರಿಂದ ಮುಚ್ಚಿಟ್ಟಿದ್ದಳು. ದಿನಕ್ಕೊಮ್ಮೆ ಅವನು ಮನೆಗೆ ಬರುತ್ತಿದ್ದದ್ದು ಆ ಒಂದೇ ದಾರಿಯಿಂದ ಎಂದು ಈಗ ಗೊತ್ತಾಯಿತು. ಆ ಬಾಗಿಲು ಇವತ್ತು ಬೆಳಿಗ್ಗೆ ತನ್ನ ಕಣ್ಣೆದುರಿಗೇ ಮುಚ್ಚಿಕೊಂಡಿತ್ತು. ಆಕೆ ಮಡಿಲಿನಿಂದ ಕೈ ತೆಗೆದು, ಹೆಬ್ಬೆರಳು ಒಳಗೆ ಮಡಚಿ, ಮುಷ್ಟಿ ಮಾಡಿ, ತಲೆಯ ಮಟ್ಟಕ್ಕೆ ಎತ್ತಿದಳು. ಮಣಿಕಟ್ಟು ನೆಟ್ಟಗೆ ನಿಂತಿತು.

ಮಗಳು ಆ ಕೈಯನ್ನು ಬಹಳ ಹೊತ್ತು ನೋಡಿದಳು. ತನ್ನ ಕೈ ಎತ್ತಲಿಲ್ಲ.

"ಅದು ಅಪ್ಪ ಅಲ್ಲಮ್ಮಾ," ಎಂದಳು. "ಅದು ನೀನು."